ಹನುಮೇಶನ ಐದು ಪದಗಳು

ಕೊರೊನಾ ಹಾವಳಿ ಮುಗಿದು ಕ್ರೀಡಾಕೂಟಗಳು ಮತ್ತೆ ಆರಂಭವಾದ ಎರಡನೆಯ ಬೇಸಿಗೆ. ನಾನು ರಾಯಚೂರು ನಗರದಲ್ಲಿ ಸ್ವಂತ ಕ್ಲಿನಿಕ್ ನಡೆಸುತ್ತಿದ್ದೆ. ಅದರ ಜೊತೆಗೆ ಬಾಕ್ಸಿಂಗ್ ಪಂದ್ಯಗಳಿಗೆ ರಿಂಗ್‌ಸೈಡ್ ಡಾಕ್ಟರ್ ಆಗಿ ಹೋಗುತ್ತಿದ್ದೆ. ಆ ಕೆಲಸದಲ್ಲಿ ಅದು ನನ್ನ ಆರನೆಯ ವರ್ಷ. ಅಂದಿನ ಡೈರಿ ಈಗ ನನ್ನ ಮುಂದಿದೆ. ಅದರಲ್ಲಿ ಬರೆದದ್ದಕ್ಕೂ ನನಗೆ ನೆನಪಿರುವುದಕ್ಕೂ ಒಂದು ಕಡೆ ತಾಳೆಯಾಗುವುದಿಲ್ಲ. ಆ ಜಾಗ ಬಂದಾಗ ಹೇಳುತ್ತೇನೆ.

ರಿಂಗ್‌ಸೈಡ್ ಡಾಕ್ಟರ್ ಪಂದ್ಯ ನಡೆಯುವಾಗ ರಿಂಗಿನ ಪಕ್ಕದಲ್ಲೇ ಕೂರಬೇಕು, ಬೇಕೆನಿಸಿದರೆ ಪಂದ್ಯ ನಿಲ್ಲಿಸಬೇಕು. ಆದರೆ ಮುಖ್ಯ ಕೆಲಸ ಬೆಳಿಗ್ಗೆಯೇ ಇರುತ್ತದೆ. ತೂಕ ಹಾಕಿಸಿಕೊಂಡ ಬಾಕ್ಸರ್‌ಗಳು ಸಾಲಾಗಿ ಬರುತ್ತಾರೆ. ಬಿ.ಪಿ. ನೋಡಬೇಕು, ಕಣ್ಣಿಗೆ ಟಾರ್ಚ್ ಬಿಡಬೇಕು, ಒಂಟಿ ಕಾಲಿನ ಮೇಲೆ ನಿಲ್ಲಿಸಬೇಕು. ಕೊನೆಯಲ್ಲಿ ನೆನಪಿನ ಪರೀಕ್ಷೆ. ಒಂದಕ್ಕೊಂದು ಸಂಬಂಧವಿಲ್ಲದ ಐದು ಪದ ಹೇಳಿ, ಐದು ನಿಮಿಷದ ನಂತರ ಅವನ್ನೇ ಮತ್ತೆ ಹೇಳಿಸುವುದು. ತಲೆಗೆ ಪೆಟ್ಟು ಬಿದ್ದವನು ಹೆಸರು, ಊರು, ವಾರ ಎಲ್ಲ ಸರಿಯಾಗಿ ಹೇಳಬಹುದು. ಐದು ನಿಮಿಷದ ಹಿಂದೆ ಕೇಳಿದ್ದನ್ನು ಹೇಳಲಾರ. ಹಳೆಯದು ಉಳಿದಿರುತ್ತದೆ, ಹೊಸದು ಅಂಟಿಕೊಳ್ಳುವುದಿಲ್ಲ.

ನನ್ನ ಐದು ಪದಗಳು: ಕುದುರೆ, ಕೀಲಿ, ಮಾವು, ಕಂಬಳಿ, ಸೇತುವೆ. ಮೆಡಿಕಲ್ ಓದುವಾಗ ಒಂದು ಕಾರ್ಡಿನ ಮೇಲೆ ಬರೆದುಕೊಂಡಿದ್ದೆ. ಆರು ವರ್ಷವೂ ಅದೇ ಕಾರ್ಡು. ಒಂದೇ ಪದಗಳಿದ್ದರೆ ಕಳೆದ ಸಲದ ಜೊತೆ ಹೋಲಿಸಬಹುದು ಎಂದು ನನಗೆ ನಾನೇ ಕಾರಣ ಕೊಟ್ಟುಕೊಂಡಿದ್ದೆ. ನಿಜವಾದ ಕಾರಣ ಸೋಮಾರಿತನ. ಹುಡುಗರು ಬೆನ್ನ ಹಿಂದೆ ನನ್ನನ್ನು 'ಕುದುರಿ ಡಾಕ್ಟ್ರು' ಎನ್ನುತ್ತಿದ್ದರು. ಅದು ಪ್ರೀತಿಯ ಅಡ್ಡಹೆಸರು ಎಂದುಕೊಂಡು ನಾನೂ ನಗುತ್ತಿದ್ದೆ.

ಹನುಮೇಶ ದೇವದುರ್ಗ ತಾಲ್ಲೂಕಿನ ಕೂಲಿ ಮನೆತನದವನು. ಮಾನ್ವಿಯ ಹಾಸ್ಟೆಲಿನಲ್ಲಿದ್ದು ಓದುವಾಗ ಶಂಕ್ರಪ್ಪ ಮಾಸ್ತರ ಕೈಗೆ ಸಿಕ್ಕ. ಮಾಸ್ತರು ಸೈನ್ಯದಿಂದ ನಿವೃತ್ತರಾಗಿ ಬಂದು, ಮುಚ್ಚಿದ ಅಕ್ಕಿ ಗಿರಣಿಯ ಗೋದಾಮಿನಲ್ಲಿ ಹಗ್ಗ ಕಟ್ಟಿ ಬಾಕ್ಸಿಂಗ್ ಕಲಿಸುತ್ತಿದ್ದರು. ಹನುಮೇಶ ಎಡಗೈಯವನು. ಎದುರಾಳಿ ಬಲಗೈಯನ್ನು ಕಾಯುತ್ತಿದ್ದಾಗ ಎಡಗೈ ಎಲ್ಲಿಂದ ಬಂತೆಂದು ತಿಳಿಯುತ್ತಲೇ ಇರಲಿಲ್ಲ. ಮಿಡಲ್‌ವೇಟ್‌ನಲ್ಲಿ, ಅಂದರೆ ಎಪ್ಪತ್ತೈದು ಕೆ.ಜಿ. ಒಳಗಿನವರಲ್ಲಿ, ಮೂರು ಸಲ ರಾಜ್ಯ ಚಾಂಪಿಯನ್ ಆಗಿದ್ದ. ನಾಲ್ಕನೆಯ ಸಲವೂ ಗೆದ್ದರೆ ಕ್ರೀಡಾ ಕೋಟಾದ ನೌಕರಿ ಎಂಬ ಮಾತು ಗಟ್ಟಿಯಾಗಿತ್ತು. ವಯಸ್ಸಿನ ಮಿತಿಗೆ ಅದೇ ಕೊನೆಯ ವರ್ಷ. ಅಲ್ಲಿಯವರೆಗೆ ಅವನು ಮಾನ್ವಿಯಲ್ಲೇ ಮನೆ ಮಾಡಿಕೊಂಡು ಇನ್ನೊಂದು ಗಿರಣಿಯಲ್ಲಿ ಚೀಲ ಹೊರುತ್ತಿದ್ದ.

ಆ ವರ್ಷದ ಪಂದ್ಯಗಳು ರಾಯಚೂರಿನ ಒಂದು ಕಲ್ಯಾಣ ಮಂಟಪದಲ್ಲಿ ನಡೆದವು. ಮದುವೆಯ ಹೂವಿನ ಕಮಾನು ಹಾಗೇ ಇತ್ತು, ಅದರ ಕೆಳಗೆ ರಿಂಗ್. ಫೈನಲ್ ದಿನ ಬೆಳಿಗ್ಗೆ ಹನುಮೇಶ ತೂಕ ಇಳಿಸಿಕೊಂಡು ಬಂದಾಗ ತುಟಿ ಒಡೆದಿತ್ತು. ಎರಡು ದಿನ ನೀರು ಬಿಟ್ಟು, ಬೆವರು ಇಳಿಯಲೆಂದು ರೆಕ್ಸಿನ್ ಜಾಕೆಟ್ ತೊಟ್ಟು, ಗಿರಣಿಯಲ್ಲಿ ಭತ್ತ ಬೇಯಿಸುವ ಬಾಯ್ಲರ್ ಪಕ್ಕ ಕೂತಿದ್ದನಂತೆ.

"ಸಾಯಿಸ್ತೀರೇನು ಮಾಸ್ತರೇ?" ಎಂದೆ.

"ಏನೂ ಆಗಂಗಿಲ್ಲ ಬಿಡ್ರಿ ಮೇಡಂ. ಶೆಕಿಗೆ ಸಾಯವ ರಾಯಚೂರು ಜಿಲ್ಲಾದಾಗ ಯಾಕ ಹುಟ್ಟತಾನ್ರೀ?" ಎಂದರು ಮಾಸ್ತರು. ಮತ್ತೆ ಅವರೇ ನಕ್ಕು ಹೇಳಿದರು: "ಹೋದ ತಿಂಗಳ ಏನು ಮಾಡಿದಾ ಕೇಳ್ರಿ ಇವನ್ನ. ಊರಿಂದ ಮಾನ್ವಿಗೆ ಬಾರಲೇ ಅಂದ್ರ ಹೋಗಿ ಕವಿತಾಳದಾಗ ಇಳಿದಾನ! ಹೆಂಡತಿ ಬಸುರಿ ಅದಾಳ, ಇವ ಹಗಲಗನಸು ಕಾಣಾಕತ್ಯಾನ."

"ಬೋರ್ಡು ನೋಡಿಲ್ರೀ ಮೇಡಂ," ಎಂದು ಹನುಮೇಶ ನಾಚಿಕೊಂಡ.

ಸಾಲಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆ ಹಾಸ್ಯವನ್ನು ಅಂದು ಡೈರಿಯಲ್ಲಿ ಪೂರ್ತಿಯಾಗಿ ಬರೆದಿಟ್ಟಿದ್ದೇನೆ. ಹನ್ನೆರಡು ವರ್ಷ ಓಡಾಡಿದ ದಾರಿಯಲ್ಲಿ ಒಬ್ಬನು ತಪ್ಪು ಬಸ್ ಹತ್ತಿದ್ದೇಕೆ ಎಂದು ಡಾಕ್ಟರಾದ ನಾನು ಕೇಳಲಿಲ್ಲ.

ಐದು ಪದಗಳ ಸರದಿ ಬಂತು. ಬಾಗಿಲ ಬಳಿ ಅವನ ಹೆಂಡತಿ ಯಲ್ಲಮ್ಮ ಏಳು ತಿಂಗಳ ಹೊಟ್ಟೆ ಹೊತ್ತು ರಟ್ಟಿನಿಂದ ಗಾಳಿ ಬೀಸಿಕೊಳ್ಳುತ್ತ ನಮ್ಮನ್ನೇ ನೋಡುತ್ತಿದ್ದಳು. ಡೈರಿಯಲ್ಲಿರುವುದು ಇಷ್ಟೇ: "ಹನುಮೇಶ: ಐದಕ್ಕೆ ಐದು. ಫಿಟ್."

ನನ್ನ ನೆನಪು ಬೇರೆಯೇ ಹೇಳುತ್ತದೆ. ನಾನು "ಕುದುರೆ, ಕೀಲಿ" ಎಂದು ಉಸಿರೆಳೆದುಕೊಳ್ಳುವಷ್ಟರಲ್ಲಿ ಅವನು "ಮಾವು" ಎಂದ. ಇದು ನಡೆದಿದ್ದರೆ, ಅವನು ಪಾಠ ಒಪ್ಪಿಸುತ್ತಿದ್ದಾನೆಂದು ನನಗೆ ಅಲ್ಲೇ ತಿಳಿಯಬೇಕಿತ್ತು. ತಿಳಿದೂ ಸಹಿ ಹಾಕಿದೆ ಎಂದಾಗುತ್ತದೆ. ನಡೆದಿಲ್ಲವಾದರೆ, ನಂತರದ ದಿನಗಳಲ್ಲಿ ನಾನೇ ಅದನ್ನು ಹೊಸೆದುಕೊಂಡಿದ್ದೇನೆ. ಯಾವುದು ನಿಜವೆಂದು ಎಷ್ಟು ಯೋಚಿಸಿದರೂ ಹೇಳಲಾರೆ. ಅವನ ಹಿಂದೆ ಇನ್ನೂ ಹದಿನಾಲ್ಕು ಜನ ನಿಂತಿದ್ದರು ಎಂಬುದು ಮಾತ್ರ ಡೈರಿಯಲ್ಲಿದೆ.

ಫೈನಲ್ ಮಧ್ಯಾಹ್ನ ನಡೆಯಿತು. ಮೂರು ನಿಮಿಷದ ಮೂರು ಸುತ್ತು. ಮೊದಲ ಸುತ್ತು ಪೂರ್ತಿ ಹನುಮೇಶನದು. ದೇವದುರ್ಗದಿಂದ ಟೆಂಪೊ ಮಾಡಿಕೊಂಡು ಬಂದವರು "ಹೊಡಿಲೇ ಹನುಮ್ಯಾ, ಅವನ ಹಲ್ಲು ಎಣಿಸಿ ಕೈಯಾಗ ಕೊಡು!" ಎಂದು ಕುರ್ಚಿಯ ಮೇಲೆ ಹತ್ತಿ ನಿಂತಿದ್ದರು. ಎರಡನೆಯ ಸುತ್ತಿನಲ್ಲಿ ಅವನ ಕಿವಿಯ ಮೇಲ್ಭಾಗಕ್ಕೆ ಎರಡು ಪೆಟ್ಟು ಬಿದ್ದವು. ರೆಫರಿ ಪಂದ್ಯ ತಡೆದು ಎಂಟರವರೆಗೆ ಎಣಿಸಿದ. ಚೇತರಿಸಿಕೊಂಡನೇ ಎಂದು ನೋಡುವ ಕ್ರಮ ಅದು. ನಂತರ ನನ್ನತ್ತ ನೋಡಿದ. ಹನುಮೇಶನ ಕಣ್ಣು ನೆಟ್ಟಗಿತ್ತು. ಬೆಳಿಗ್ಗೆ ಐದಕ್ಕೆ ಐದು ಹೇಳಿದವನು ಎಂಬುದು ನನ್ನ ತಲೆಯಲ್ಲಿತ್ತು. ಮುಂದುವರಿಸಿ ಎಂದು ಕೈ ಸನ್ನೆ ಮಾಡಿದೆ.

ಅವನು ಗೆದ್ದ. ಮೂರನೆಯ ಸುತ್ತಿನಲ್ಲಿ ಅವನ ಎಡಗೈ ತನ್ನಷ್ಟಕ್ಕೆ ತಾನೇ ಕೆಲಸ ಮಾಡಿತು. ರೆಫರಿ ಅವನ ಕೈ ಎತ್ತಿ ಹಿಡಿದ, ಯಾರೋ ಹಾರ ಹಾಕಿದರು, ಯಲ್ಲಮ್ಮ ಅಳುತ್ತ ನಗುತ್ತಿದ್ದಳು. ಹನುಮೇಶ ಮೂಲೆಯ ಸ್ಟೂಲಿನ ಮೇಲೆ ಕೂತು, ಕೊರಳಲ್ಲಿದ್ದ ಹಾರ ಮುಟ್ಟಿ ನೋಡಿ, ಮಾಸ್ತರನ್ನು ಕೇಳಿದ:

"ಯಾವಾಗ ಶುರು ಆಗ್ತದ್ರೀ ನಮ್ದು?"

ಮಾಸ್ತರು ಚೇಷ್ಟೆಯೆಂದು ತಿಳಿದು ಅವನ ಬೆನ್ನಿಗೊಂದು ಗುದ್ದಿದರು. ಅವನು ಹಾರದ ಮೇಲೆಯೇ ವಾಂತಿ ಮಾಡಿಕೊಂಡ.

ಆಂಬ್ಯುಲೆನ್ಸಿನಲ್ಲಿ ಹೈದರಾಬಾದಿಗೆ ಸಾಗಿಸಿದೆವು. ಮಿದುಳಿನ ಹೊದಿಕೆಯ ಕೆಳಗೆ ರಕ್ತ ಶೇಖರಣೆಯಾಗಿತ್ತು. ಸ್ವಲ್ಪ ಹೊಸದು, ಉಳಿದದ್ದು ಹಳೆಯದು. ಹಳೆಯದು ಎಂದಾಗಲೇ ಮಾಸ್ತರು ಬಾಯಿ ಬಿಟ್ಟರು. ತಿಂಗಳ ಹಿಂದೆ ಗೋದಾಮಿನಲ್ಲಿ ಅಭ್ಯಾಸದ ವೇಳೆ ಹನುಮೇಶ ಪೆಟ್ಟು ತಿಂದು ಪ್ರಜ್ಞೆ ತಪ್ಪಿದ್ದ. ಪಂದ್ಯದಲ್ಲಾಗಿದ್ದರೆ ಅದು ಅವನ ವೈದ್ಯಕೀಯ ಪುಸ್ತಕಕ್ಕೆ ಏರಿ, ಕಡ್ಡಾಯ ವಿಶ್ರಾಂತಿ ಸಿಗುತ್ತಿತ್ತು. ಗೋದಾಮಿನಲ್ಲಿ ಆದದ್ದಕ್ಕೆ ಪುಸ್ತಕವಿಲ್ಲ.

ಜೀವ ಉಳಿಯಿತು. ಕೆಲವು ತಿಂಗಳ ನಂತರ ನೌಕರಿಯ ಪತ್ರವೂ ಬಂತು. ವೈದ್ಯಕೀಯ ಪರೀಕ್ಷೆಗೆ ಹೋದವನನ್ನು ಅನರ್ಹನೆಂದು ವಾಪಸು ಕಳಿಸಿದರು ಎಂಬ ಸುದ್ದಿ ಕೇಳಿ ನಾನು ಮಾನ್ವಿಗೆ ಹೋದೆ. ಯಾಕೆ ಅಷ್ಟು ದಿನ ಹೋಗಿರಲಿಲ್ಲ ಎಂಬುದಕ್ಕೆ ಡೈರಿಯಲ್ಲಿ ಉತ್ತರವಿಲ್ಲ.

ಹನುಮೇಶ ಹೊಸ್ತಿಲ ಮೇಲೆ ಕೂತಿದ್ದ. ಮೈ ಇನ್ನೂ ಚಾಂಪಿಯನ್ನನದೇ. ನನ್ನ ಚೀಲ ನೋಡಿದವನೇ ಎದ್ದು, ಕೈ ಕಟ್ಟಿ, ಶಾಲೆಯ ಹುಡುಗನಂತೆ ಹೇಳಿದ: "ಕುದುರೆ, ಕೀಲಿ, ಮಾವು, ಕಂಬಳಿ, ಸೇತುವೆ." ನನ್ನದೇ ಉಚ್ಚಾರಣೆ. ಅವರ ಮಾತಿನಲ್ಲಿ ಅದು ಕುದುರಿ.

"ನೌಕರಿ ಪರೀಕ್ಷಾದಾಗೂ ಇವ್ನs ಹೇಳ್ಯಾನ್ರೀ," ಎಂದಳು ಯಲ್ಲಮ್ಮ. "ಆ ಡಾಕ್ಟ್ರು ಬ್ಯಾರೆ ಏನೋ ಕೇಳಿದ್ರು. ಇವ ನಿಮ್ಮವs ಐದು ಒಪ್ಪಿಸಿದ. ಮತ್ತೊಮ್ಮಿ ಕೇಳಿದ್ರು, ಮತ್ತ ಅವ್ನs ಹೇಳಿದ."

"ಯಾರು ಕಲಿಸಿದ್ದು?"

"ನಾನs ರೀ." ಅವಳು ಮುಚ್ಚಿಡಲಿಲ್ಲ. "ಪೆಟ್ಟು ಬಿದ್ದ ಮ್ಯಾಲೆ ಮರಿಯಾಕತ್ತಿದ್ದ. ನಿಮ್ಮ ಪ್ರಶ್ನಿ ಎಲ್ಲಾರ್ಗೂ ಗೊತ್ತಿದ್ದವಲ್ರೀ, ಸಾಲಿನಾಗ ನಿಂತವ್ರೆಲ್ಲಾ ಕೇಳ್ತಿದ್ರು. ದಿನಾ ರೊಟ್ಟಿ ಬಡಿಯೂ ಮುಂದ ಕುಂದ್ರಿಸಿಕೊಂಡು ಹೇಳಿಸ್ತಿದ್ದೆ, ಮಗ್ಗಿ ಹೇಳಿಸಿದಂಗ. ಒಂದು ತಿಂಗಳ ಹಿಡೀತ್ರೀ ಐದು ಮಾತಿಗೆ. ನೌಕರಿ ಆದ್ರ ಚೀಲ ಹೊರೂದು ತಪ್ಪತದ ಅಂತ ಮಾಡಿದೆ ಮೇಡಂ. ನೀವು ಬ್ಯಾರೆ ಕೇಳಿದ್ರ ಸಿಕ್ಕೊಂಡ್ ಬೀಳ್ತಿದ್ವಿ. ಕೇಳ್ತೀರಿ ಅಂತ ಹೆದರಿದ್ದೆ. ನೀವು ಕೇಳಲಿಲ್ಲ."

ಅವಳ ಮಾತಿನಲ್ಲಿ ದೂರು ಇರಲಿಲ್ಲ. ನಡೆದದ್ದನ್ನು ನಡೆದಂತೆ ಹೇಳಿದಳು, ಅಷ್ಟೇ.

ಒಳಗಿನಿಂದ ಮಗು ಅಂಬೆಗಾಲಿಕ್ಕುತ್ತ ಬಂತು. ಫೈನಲ್ ಆದ ಮೇಲೆ ಹುಟ್ಟಿದ ಮಗಳು. ಹೆಸರು ಪೂರ್ಣಿಮಾ. ಆ ಹೆಸರನ್ನೂ ಯಲ್ಲಮ್ಮ ದಿನಾ ರೊಟ್ಟಿ ಬಡಿಯುವಾಗ ಅವನಿಗೆ ಹೇಳಿಸುತ್ತಿದ್ದಳು. ಈ ಸಲ ಅದು ಅವನ ತಲೆಯಲ್ಲಿ ನಿಲ್ಲಲಿಲ್ಲ. ಹನುಮೇಶ ಮಗುವನ್ನು ಬಲು ಮೆತ್ತಗೆ ಎತ್ತಿಕೊಂಡು, ಸ್ವಲ್ಪ ಹೊತ್ತು ಹುಡುಕಿ, "ಕುದುರೆ" ಎಂದ. ಮಗು ಕೇಕೆ ಹಾಕಿತು.

"ಹಂಗs ಕರೀತಾನ್ರೀ," ಎಂದಳು ಯಲ್ಲಮ್ಮ. "ಆಕೀನೂ ತಿರುಗಿ ನೋಡ್ತಾಳ."

ಆ ಕಾರ್ಡನ್ನು ನಾನು ಹರಿದು ಹಾಕಿಲ್ಲ. ಪಂದ್ಯಗಳಿಗೆ ಈಗಲೂ ಹೋಗುತ್ತೇನೆ. ಪ್ರತಿಯೊಬ್ಬನಿಗೂ ಹೊಸ ಐದು ಪದ, ಪರದೆಯ ಹಿಂದೆ, ಒಬ್ಬೊಬ್ಬರನ್ನೇ ಕರೆದು. ಇತ್ತೀಚೆಗೆ ತಪ್ಪು ಬಸ್ ಏನಾದರೂ ಹತ್ತಿದ್ದೆಯಾ ಎಂದೂ ಕೇಳುತ್ತೇನೆ. ಪರೀಕ್ಷೆ ಮಾಡುವವಳು ಒಂದೇ ಪ್ರಶ್ನೆಗೆ ಅಂಟಿಕೊಂಡರೆ ಎದುರಿನವನು ಎಷ್ಟು ಹಾಳಾಗಿದ್ದರೂ ಪಾಸಾಗುತ್ತಾನೆ ಎಂಬುದನ್ನು ವೃತ್ತಿ ನನಗೆ ಕಲಿಸಿತು. ಕಲಿಕೆಯ ಬೆಲೆ ಕೊಟ್ಟದ್ದು ನಾನಲ್ಲ.

ಬೆಳಿಗ್ಗೆ ಪದಗಳನ್ನು ಆರಿಸುವಾಗ ಯಾವ ಪದ ಬೇಕಾದರೂ ತೆಗೆದುಕೊಳ್ಳುತ್ತೇನೆ. ಕುದುರೆಯನ್ನು ಮಾತ್ರ ಬಿಡುತ್ತೇನೆ. ಮಾನ್ವಿಯಲ್ಲಿ ಅದು ಈಗ ಒಂದು ಹುಡುಗಿಯ ಹೆಸರು.