ಹೊಳೆಯೋ ಮೋರಿಯೋ

ಸ್ನೇಹಿತರೇ, ಇವತ್ತು ಕೆಂಗೇರಿಯಲ್ಲಿ ತಲೆ ಕೆಟ್ಟುಹೋಯಿತು. ದೇವರಿಗೆ ಮುಡಿಸಿದ ಹೂವನ್ನು ಕಸಕ್ಕೆ ಹಾಕಬಾರದು, ಹರಿಯುವ ನೀರಿಗೇ ಬಿಡಬೇಕು ಎಂಬುದು ನಮ್ಮಮ್ಮನ ಕಟ್ಟಪ್ಪಣೆ. ಒಂದು ಚೀಲ ಬಾಡಿದ ಹೂವು ಹಿಡಿದು ಸೇತುವೆಯ ಮೇಲೆ ನಿಂತಿದ್ದೆ. ಕೆಳಗೆ ಕಪ್ಪು ನೀರು, ಅದರ ಮೇಲೆ ಬೆಳ್ಳನೆ ನೊರೆ.

ವಾಕಿಂಗ್ ಬಂದಿದ್ದ ಹಿರಿಯರೊಬ್ಬರು ಗದರಿದರು. “ಏನಮ್ಮಾ, ದೇವ್ರ ಹೂವ ತಂದು ಮೋರಿಗೆ ಹಾಕ್ತೀರಲ್ಲ!”

ಕೈ ಹಿಂದೆಳೆದುಕೊಂಡೆ. “ಹೌದು ಸಾರ್, ಮೋರಿ ನಾತ ತಡೆಯಕ್ಕಾಗಲ್ಲ” ಎಂದು ಮೂಗು ಮುಚ್ಚಿಕೊಂಡೆ.

ಅಷ್ಟಕ್ಕೇ ಅವರು ಕೆಂಡವಾದರು. “ಯಾವ್ದಮ್ಮ ಮೋರಿ? ಇದು ನಮ್ಮೂರ ಹೊಳೆ. ನಮ್ಮಪ್ಪ ಇದೇ ನೀರಲ್ಲಿ ಎತ್ತಿನ ಮೈ ತೊಳೀತಿದ್ರು.”

“ಈಗ ನೀವೇ ಅಲ್ವಾ ಮೋರಿ ಅಂದಿದ್ದು?”

“ನಾನು ಅನ್ಬೋದು. ನೀವು ಅನ್ನೋ ಹಾಗಿಲ್ಲ.”

“ಸರಿ, ಹೊಳೆ ಅಂದ್ಮೇಲೆ ಹೂವು ಬಿಡ್ಲಾ?”

“ಇದಕ್ಕಾ? ಪಾಪ ಸುತ್ಕೊಳುತ್ತೆ! ನಿಮ್ದು ಯಾವ ಕಡೆ?”

“ವಿಜಯನಗರ.”

“ಅದಕ್ಕೇ! ನಿಮ್ಮ ಕಡೆ ಬಚ್ಚಲು ನೀರೆಲ್ಲ ಇದ್ರಲ್ಲೇ ಹರಿದು ಬರೋದು, ಬೆಳಗ್ಗೆನೇ ಬಂದು ಹೋಯ್ತು. ಈಗ ಹೂವು ತಗೊಂಡು ನೀವೂ ಬಂದ್ರಾ?”

ಹೂವು ಸ್ಕೂಟರ್ ಡಿಕ್ಕಿಯಲ್ಲೇ ವಾಪಸ್ ಬಂತು. ಮನೆಗೆ ಬಂದವಳು ಅಭ್ಯಾಸಬಲದಿಂದ ಬಚ್ಚಲಲ್ಲಿ ಕೈಕಾಲು ತೊಳೆದುಬಿಟ್ಟೆ. ಆ ನೀರು ಈಗ ಅವರ ಕಡೆಗೇ ಹೊರಟಿದೆ. ಅಲ್ಲಿಗೆ ಮುಟ್ಟುವ ಹೊತ್ತಿಗೆ ಅದನ್ನು ಹೊಳೆ ಅನ್ನಬೇಕೋ ಮೋರಿ ಅನ್ನಬೇಕೋ, ಗೊತ್ತಿದ್ದವರು ಹೇಳಿ. ಅಮ್ಮ ಡಿಕ್ಕಿ ತೆಗೆದು ಹೂವು ನೋಡುವ ಮೊದಲು ಅವಳಿಗೂ ಒಂದು ಉತ್ತರ ಕೊಡಬೇಕು.