೫೦೪ರ ಬಾಗಿಲಿನ ಹಳದಿ ಬಟ್ಟೆ

ರೇವತಿ, ಅವತ್ತು ನಿಮ್ಮ ಮನೆಯ ಬಾಗಿಲಿಗೆ ಹಳದಿ ಬಟ್ಟೆ ಕಟ್ಟಿದವಳು ನೀನಲ್ಲ. ನಾನು.

ಇಷ್ಟು ಬರೆಯಲು ನನಗೆ ಆರು ವರ್ಷ ಬೇಕಾಯಿತು. ಈ ಆರು ವರ್ಷವೂ ನೀನು ಮೈಸೂರಿನಲ್ಲಿ ಕೂತು, "ನಾನೇ ಕಟ್ಟಿದ್ದೆನೋ ಏನೋ, ನೆನಪೇ ಇಲ್ಲ" ಎಂದು ಕೇಳಿದವರಿಗೆಲ್ಲ ಹೇಳುತ್ತಿದ್ದೀಯಂತೆ. ನಿನ್ನ ನೆನಪು ಸರಿಯಾಗಿಯೇ ಇತ್ತು. ಸುಳ್ಳು ಹೇಳಿದ್ದು ನಾನು.

ಈ ಪತ್ರವನ್ನು ನಿನ್ನ ಗಂಡ ಶ್ರೀಧರನೂ ಓದಲಿ, ಜಪಾನನ್ನೇ ಕಾಣದ ನಿನ್ನ ಅಮ್ಮನೂ ಓದಲಿ. ಅದಕ್ಕೇ ನಿನಗೆ ಗೊತ್ತಿರುವುದನ್ನೂ ಮೊದಲಿನಿಂದ ಹೇಳುತ್ತೇನೆ.

ಜಪಾನಿನ ಗ್ಯೋಟೋಕುವಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಪ್ರತಿ ಮನೆಗೂ ಒಂದು ಹಳದಿ ಬಟ್ಟೆ ಕೊಟ್ಟಿರುತ್ತಾರೆ, ಮೂಲೆಯಲ್ಲಿ ಮನೆಯ ನಂಬರು ಬರೆದು. ಭೂಮಿ ನಡುಗಿದ ಮೇಲೆ ಒಳಗಿರುವವರೆಲ್ಲ ಕ್ಷೇಮವಾಗಿದ್ದರೆ ಅದನ್ನು ಹೊರಬಾಗಿಲಿನ ಹಿಡಿಗೆ ಕಟ್ಟಬೇಕು. ಮಹಡಿಯ ಮುಖ್ಯಸ್ಥರು ಒಂದು ಸುತ್ತು ಬಂದು, ಬಟ್ಟೆ ಇಲ್ಲದ ಬಾಗಿಲುಗಳ ಪಟ್ಟಿಯನ್ನು ಕೆಳಗೆ ಕೊಡಬೇಕು. ಆಮೇಲೆ ಹಾರೆ ಹಿಡಿದ ತಂಡ ಆ ಬಾಗಿಲುಗಳಿಗೆ ಮಾತ್ರ ಹೋಗುತ್ತದೆ. ಬಟ್ಟೆ ಕಂಡರೆ ನಿಲ್ಲುವುದೇ ಇಲ್ಲ. ಆ ವರ್ಷ ಐದನೇ ಮಹಡಿಗೆ ಮುಖ್ಯಸ್ಥೆ ನಾನು.

ಸ್ಕೂಲಿನಲ್ಲಿ ಮಾನಿಟರ್ ಆಗಿದ್ದವಳು ನಾನು, ಆ ಜಂಬ ಹೋಗುವುದುಂಟೆ! ಭೂಕಂಪದ ಮೊದಲ ತರಬೇತಿಯ ಭಾನುವಾರ, ನನ್ನದೊಂದು ಬಿಟ್ಟು, ನಮ್ಮ ಮಹಡಿಯ ನಾಲ್ಕು ಭಾರತೀಯ ಮನೆಗಳೂ ಹೊದ್ದು ಮಲಗಿದ್ದವು. ನಿವಾಸಿಗಳ ಸಂಘದ ಹಿರಿಯ ಒಕಾದಾ ಸಾನ್ ಬೈಯಲಿಲ್ಲ. "ಐದನೇ ಮಹಡಿ, ನಾಲ್ಕು ಮನೆ, ಉತ್ತರವಿಲ್ಲ" ಎಂದು ಬರೆದುಕೊಂಡು, ತಲೆ ಬಾಗಿಸಿ ಸಣ್ಣಗೆ ನಕ್ಕರು, ಅಷ್ಟೆ. ಬೈದಿದ್ದರೆ ಚೆನ್ನಾಗಿತ್ತು. ನಮ್ಮವರ ಮಾನವೆಲ್ಲ ಹೋಯಿತು ಎಂದು ನನ್ನ ಕಿವಿ ಬಿಸಿಯಾಯಿತು. ಮುಂದಿನ ತರಬೇತಿಗೆ ಅದೇ ಬಣ್ಣದ ನಾಲ್ಕು ಬಟ್ಟೆ ಕೊಂಡು ತಂದು, ಮಲಗಿದ್ದವರ ಬಾಗಿಲಿಗೆಲ್ಲ ನಾನೇ ಕಟ್ಟಿಬಿಟ್ಟೆ. ನಂಬರಿಲ್ಲದ್ದನ್ನು ಯಾರೂ ಗಮನಿಸಲಿಲ್ಲ. ಐದನೇ ಮಹಡಿ ಎಲ್ಲರಿಗಿಂತ ಮೊದಲು ಮುಗಿಸಿತೆಂದು ಒಕಾದಾ ಸಾನ್ ಚಪ್ಪಾಳೆ ತಟ್ಟಿದರು. ನಾಚಿಕೆಯಾಗಬೇಕಿತ್ತು. ಖುಷಿಯಾಯಿತು.

ಆಮೇಲೆ ೫೦೪ಕ್ಕೆ ನೀವಿಬ್ಬರೂ ಬಂದಿರಿ. ಒಬ್ಬಳೇ ಇದ್ದ ನನಗೆ ನೀನು ಬಂದದ್ದು — ಏನು ಹೇಳಲಿ, ಸಂಜೆ ಹೊತ್ತು ಬಾಗಿಲು ತಟ್ಟಿ "ಗೀತಕ್ಕಾ, ಕಾಫಿ ಆಯ್ತಾ?" ಎನ್ನುವವರು ಈ ಊರಿನಲ್ಲಿ ನನಗೆ ಯಾರಿದ್ದರು? ನಿನ್ನ ತುರ್ತು ಚೀಲವನ್ನು ನಾವಿಬ್ಬರೂ ಕೂತು ತುಂಬಿದೆವು. ನೀರು, ಟಾರ್ಚು, ಕೈಯಲ್ಲಿ ತಿರುಗಿಸುವ ರೇಡಿಯೋ.

"ಅಕ್ಕಾ, ಈ ಪ್ಯಾಕೆಟ್ ಅನ್ನ ಹಂಗೇ ತಿನ್ನಕ್ಕಾಗಲ್ಲಪ್ಪಾ. ಸ್ವಲ್ಪ ಪುಳಿಯೋಗರೆ ಗೊಜ್ಜು ಹಾಕ್ಕೊಳ್ಲಾ?"

"ಹಾಕ್ಕೊಳಮ್ಮಾ. ಆದ್ರೆ ವಿಷಲ್ ಮೇಲ್ಗಡೆನೇ ಇರ್ಲಿ."

ಹಳದಿ ಬಟ್ಟೆಯನ್ನೂ ಮೇಲೆಯೇ ಇಟ್ಟೆವು. ನಾನು ಹೊರಡುವಾಗ ನೀನು ನಿಮ್ಮ ಮನೆಯ ಇನ್ನೊಂದು ಕೀಲಿಯನ್ನು ನನ್ನ ಕೈಯಲ್ಲಿಟ್ಟೆ. "ಎಮರ್ಜೆನ್ಸಿಗೆ ನಿಮ್ ಹತ್ರ ಇರ್ಲಿ" ಎಂದೆ.

ಭೂಮಿ ನಿಜವಾಗಿ ನಡುಗಿದ ಆ ಮಧ್ಯಾಹ್ನ ನಾನು ಮನೆಯಿಂದ ಕೆಲಸ ಮಾಡುತ್ತಿದ್ದೆ. ನಡುಕ ನಿಂತ ಕೂಡಲೇ ಹೆಲ್ಮೆಟ್ ಹಾಕಿಕೊಂಡು ಸುತ್ತು ಹೊರಟೆ. ಎಲ್ಲ ಬಾಗಿಲಿಗೂ ಬಟ್ಟೆ ಇತ್ತು, ನಿನ್ನದೊಂದು ಬಿಟ್ಟು. ಬೆಲ್ ಒತ್ತಿದೆ — ಒಂದೇ ಸಲ. ಕರೆಂಟು ಹೋದಾಗ ಬೆಲ್ ಸದ್ದು ಮಾಡುವುದಿಲ್ಲ, ಬಾಗಿಲು ಬಡಿಯಿರಿ ಎಂದು ಎಲ್ಲರಿಗೂ ಕಲಿಸಿದವಳು ನಾನೇ. ಬಡಿಯಲಿಲ್ಲ. ಈ ಹೊತ್ತಿಗೆ ರೇವತಿ ತರಕಾರಿಗೆ ಹೋಗಿರುತ್ತಾಳೆ ಎಂದುಕೊಂಡೆ. ಕೆಳಗೆ ಬೇರೆ ಮಹಡಿಯವರು ಆಗಲೇ ಸೇರುತ್ತಿದ್ದರು. ಕೀಲಿ ನನ್ನ ಮನೆಯ ಮೊಳೆಯಲ್ಲಿ, ಮೂರು ಬಾಗಿಲಿನಾಚೆ — ತರಬಹುದಿತ್ತು. ಜೇಬಿನಲ್ಲಿ ನಂಬರಿಲ್ಲದ ಬಟ್ಟೆಯೊಂದಿತ್ತು. ಕಟ್ಟಿ ಇಳಿದುಹೋದೆ.

"ಐದನೇ ಮಹಡಿ, ಎಲ್ಲರೂ ಕ್ಷೇಮ" ಎಂದೆ. ಆಗಲೂ ನಾವೇ ಮೊದಲು.

ಒಳಗೆ ನಿನ್ನ ಕಾಲಿನ ಮೇಲೆ ಅಕ್ಕಿ, ಬೇಳೆ ತುಂಬಿದ ಕಪಾಟು ಬಿದ್ದಿತ್ತು.

ರೈಲುಗಳು ನಿಂತಿದ್ದವು. ಫೋನಿನಲ್ಲಿ ನೀನು ಸಿಗದೆ, ಶಿನಾಗಾವಾದ ಆಫೀಸಿನಿಂದ ಶ್ರೀಧರ ನನಗೆ ಮೆಸೇಜು ಕಳಿಸಿದ. "ಅಕ್ಕಾ, ರೇವತಿ ಓಕೆನಾ? ಒಂದ್ಸಲ ನೋಡ್ತೀರಾ?" ನಾನು ನೀರಿನ ಬಾಟಲಿ ಹಂಚುತ್ತಿದ್ದೆ. ಲಿಫ್ಟ್ ನಿಂತಿತ್ತು, ಐದು ಮಹಡಿ ಹತ್ತಬೇಕಿತ್ತು. "ನೋಡ್ದೆ, ಆರಾಮಾಗಿದಾಳೆ. ರೈಲು ಶುರುವಾದ್ಮೇಲೆ ಬಾ" ಎಂದು ಬರೆದೆ. ಅವನು ನನ್ನನ್ನು ನಂಬಿ ಸಂಜೆಯವರೆಗೆ ಅಲ್ಲೇ ಕೂತ. ಹಾರೆಯ ತಂಡ ಬಟ್ಟೆಯನ್ನು ನಂಬಿ ನಿನ್ನ ಬಾಗಿಲು ದಾಟಿ ಹೋಯಿತು. ಶ್ರೀಧರ ಬಂದು ಬಾಗಿಲು ತೆರೆಯುವವರೆಗೆ ಐದು ತಾಸು, ರೇವತಿ. ನೀನು ಕನ್ನಡದಲ್ಲಿ ಕೂಗುತ್ತಲೇ ಇದ್ದೆಯಂತೆ.

"ಇನ್ನೂ ಸ್ವಲ್ಪ ಬೇಗ ಕರೆತಂದಿದ್ದರೆ..." ಎಂದಷ್ಟೇ ಡಾಕ್ಟರು ಹೇಳಿದರು. ನಿನ್ನ ಕಾಲು ಮತ್ತೆ ಮೊದಲಿನಂತಾಗಲಿಲ್ಲ.

ಕಾಲಿನ ವಿಷಯದಲ್ಲಿ ನಾನು ಮಾಡಿದ್ದು ಸೋಮಾರಿತನ, ಜಂಬ. ಆಮೇಲೆ ಮಾಡಿದ್ದಕ್ಕೆ ಹೆಸರು ಬೇರೆ. ಆಸ್ಪತ್ರೆಯಲ್ಲಿ ಶ್ರೀಧರ ಗಾಬರಿಗೆ ನಿನ್ನ ಮೇಲೆಯೇ ರೇಗಿದ. "ಬಟ್ಟೆ ಕಟ್ಟಿದ್ಮೇಲೆ, ಇನ್ನೂ ನಡುಗ್ತಾ ಇರೋವಾಗ ಮತ್ಯಾಕೆ ಕಪಾಟಿನ ಹತ್ರ ಹೋದೆ? ಅಕ್ಕ ಬಂದು ನೋಡ್ದಾಗ ಸರಿಯಾಗೇ ಇದ್ದೆಯಲ್ಲ!" ಅಕ್ಕ ಬರಲೇ ಇಲ್ಲ, ಬಟ್ಟೆ ನಾನು ಕಟ್ಟಲೇ ಇಲ್ಲ ಎಂದು ನೀನು ಅತ್ತೆ. ತಲೆಗೂ ಪೆಟ್ಟಾಗಿದೆ, ಮರೆತಿರಬಹುದು ಎಂದು ಎಲ್ಲರೂ ಅಂದುಕೊಂಡರು. ನೀನು ನನ್ನ ಕೈ ಹಿಡಿದು ಕೇಳಿದೆ:

"ಅಕ್ಕಾ, ನೀವ್ ಹೇಳಿ. ನಾನೇ ಕಟ್ಟಿದ್ನಾ?"

"ಕಟ್ಟಿರ್ತೀಯ, ಬಿಡು. ಮರ್ತೋಗಿರತ್ತೆ."

ನೀನು ನಂಬಿದೆ. ನನ್ನ ಮುಖ ನೋಡುತ್ತ ನೋಡುತ್ತ, ನಿನ್ನ ತಲೆಯನ್ನು ಬಿಟ್ಟು ನನ್ನನ್ನು ನಂಬಿದೆ.

ಮರುದಿನ ನಿನಗೆ ಬಟ್ಟೆಬರೆ ತರಲೆಂದು ಬಾಗಿಲಲ್ಲಿದ್ದ ನನ್ನ ಬಟ್ಟೆ ಬಿಚ್ಚಿಕೊಂಡು, ಅದೇ ಕೀಲಿಯಿಂದ ನಿಮ್ಮ ಮನೆ ತೆರೆದೆ. ಮಂಚದ ಕೆಳಗೆ ತುರ್ತು ಚೀಲ ಇತ್ತು. ಮೇಲೆಯೇ ವಿಷಲ್, ಅದರಡಿ ೫೦೪ ಎಂದು ಬರೆದ ನಿನ್ನ ಹಳದಿ ಬಟ್ಟೆ, ಕೊಟ್ಟಾಗಿನ ಮಡಿಕೆಯಲ್ಲೇ. ಅದನ್ನು ಯಾರಾದರೂ ಕಂಡರೆ ನನ್ನ ಕಥೆ ಮುಗಿಯಿತು ಎಂದು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಚೀಲದೊಳಗೊಂದು ಚೀಟಿ ಇತ್ತು. ತುರ್ತಿಗೆ ಫೋನ್ ಮಾಡಬೇಕಾದವರು, ನಿನ್ನ ಗುಂಡಗಿನ ಅಕ್ಷರದಲ್ಲಿ. ಮೊದಲು ಗೀತಕ್ಕ. ಎರಡನೆಯದು ಶ್ರೀಧರ.

ನೀವು ಊರಿಗೆ ಹೊರಟುಹೋದಿರಿ. ನಿಮ್ಮ ಮನೆಗೆ ಬೇರೆಯವರು ಬಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ — ಯಾರು ಹಳದಿ ಬಟ್ಟೆಯ ಮಾತೆತ್ತಿದರೂ ನಾನು ಎದ್ದು ಹೋಗುತ್ತೇನೆ. ತರಬೇತಿಗಳಲ್ಲಿ ನನ್ನ ಬಾಗಿಲಿಗೆ ಬಟ್ಟೆ ಕಟ್ಟಿ ಒಳಗೆ ಕೂರುತ್ತೇನೆ. ಯಾರೂ ತಟ್ಟುವುದಿಲ್ಲ. ಇಲ್ಲಿ ವಿಪತ್ತಿನ ಹೊತ್ತಿಗೆ ಮನೆಯವರಿಗಾಗಿ ದನಿ ಬಿಟ್ಟುಹೋಗುವ ಫೋನ್ ನಂಬರೊಂದಿದೆಯಲ್ಲ, ತಿಂಗಳ ಮೊದಲ ದಿನ ಅದನ್ನು ಅಭ್ಯಾಸಕ್ಕೆ ತೆರೆದಿಡುತ್ತಾರೆ. ಪ್ರತಿ ತಿಂಗಳೂ "ನಾನು ಗೀತಾ, ಕ್ಷೇಮವಾಗಿದ್ದೇನೆ" ಎಂದು ಹೇಳಿಡುತ್ತೇನೆ. ಕೇಳುವವರಿಲ್ಲ. ಹೋದ ತಿಂಗಳು ಅದರಲ್ಲೇ "ರೇವತಿ, ಅದು ನಾನು..." ಎಂದು ಶುರುಮಾಡಿದೆ. ಮೂವತ್ತೇ ಸೆಕೆಂಡು ಕೊಡುತ್ತಾರೆ. ಅತ್ತದ್ದರಲ್ಲೇ ಮುಗಿದುಹೋಯಿತು.

ಅದಕ್ಕೇ ಈ ಪತ್ರ. ಇದರ ಜಪಾನಿ ಪ್ರತಿಯನ್ನು ಭಾನುವಾರ ಒಕಾದಾ ಸಾನ್ ಅವರ ಕೈಗೆ ಕೊಡುತ್ತೇನೆ, ಸಂಘದ ಎಲ್ಲರೆದುರು. ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ಉತ್ತರ ಬರೆಯಬೇಡ, ಬೇಕಿದ್ದರೆ ಬೈದು ಬರಿ.

ಲಕೋಟೆಯಲ್ಲಿ ನಿನ್ನ ಬಟ್ಟೆ ಇದೆ. ಬಿಚ್ಚಿ ನೋಡು, ಶ್ರೀಧರನಿಗೂ ತೋರಿಸು. ಮೂಲೆಯಲ್ಲಿ ೫೦೪ ಎಂದಿದೆ. ಎಲ್ಲೂ ಗಂಟು ಹಾಕಿದ ಸುಕ್ಕಿಲ್ಲ. ನಿನ್ನ ತಲೆಗೆ ಏನೂ ಆಗಿರಲಿಲ್ಲ, ರೇವತಿ.