ಎಲೆಯಿಲ್ಲದ ಕಳ್ಳಿಯ ಒಲೆ

ಇವತ್ತು ಕೆ.ಆರ್.ಎಸ್. ರಸ್ತೆಯ ಬದಿಯಲ್ಲಿ ಕಳ್ಳಿಬೇಲಿ ಕಡಿಯುತ್ತಿದ್ದರು. ಕಳ್ಳಿಹಾಲಿನ ಘಾಟು ಮೂಗಿಗೆ ಬಡಿದದ್ದೇ ತಡ, ನಾನು ಮತ್ತೆ ಶಾಲೆಯ ಹುಡುಗಿಯಾಗಿ ಸಿಂಧಘಟ್ಟದ ನಮ್ಮ ಹೊಲದಲ್ಲಿದ್ದೆ.

ಅಪ್ಪ ಸಂಜೆ ಬೇಲಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಬೀಡಿ ಸೇದುತ್ತಿದ್ದ. ಆ ಕಳ್ಳಿಗೆ ಎಲೆಗಳೇ ಇರಲಿಲ್ಲ, ಬೆರಳಿನಂಥ ಹಸಿರು ಕೊಂಬೆಗಳಷ್ಟೇ. "ಎಲೆ ಇಲ್ದೆ ಇದು ಎಂಗಪ್ಪ ಊಟ ಮಾಡ್ಕತದೆ?" ಎಂದು ಕೇಳಿದೆ. ಅಪ್ಪ ಒಂದು ಕೊಂಬೆಯ ಸಿಪ್ಪೆಯನ್ನು ಉಗುರಿನಿಂದ ಕೆರೆದು ತೋರಿಸಿದ.

"ಅಸ್ರು ಎಲ್ಲದೋ ಅಲ್ಲೇ ಒಲೆ ಕಣವ್ವ. ಬೇಲಿ ಮ್ಯಾಲೆ ಗೋಣಿ ಮುಚ್ಚಿರೋ ಕಡೆ ನೋಡು, ಬೆಳ್ಳಗಾಗ್ಬುಟ್ಟದೆ."

ಮರುದಿನ ವಿಜ್ಞಾನದ ಮೇಷ್ಟ್ರು, ಗಿಡದಲ್ಲಿ ಆಹಾರ ತಯಾರಿಸುವುದು ಎಲೆ ಮಾತ್ರ ಎಂದರು. ನಾನು ಎದ್ದು ನಿಂತು, ಕಳ್ಳಿಯಲ್ಲಿ ಕಾಂಡವೇ ತಯಾರಿಸುತ್ತದೆ, ನಮ್ಮಪ್ಪ ತೋರಿಸಿದ್ದಾನೆ ಎಂದೆ. ತರಗತಿಯೆಲ್ಲ ನಕ್ಕಿತು. ಅಷ್ಟರಲ್ಲಿ ಅಪ್ಪ ಹಾಲಿನ ಕ್ಯಾನು ಹಿಡಿದು ಶಾಲೆಯ ಮುಂದೆಯೇ ಡೇರಿಗೆ ಹೊರಟಿದ್ದ. ಮೇಷ್ಟ್ರು ಅವನನ್ನು ಬಾಗಿಲಿಗೆ ಕರೆದು ಕೇಳಿದರು.

ಅಪ್ಪ ಹೆಗಲ ಮೇಲಿನ ಟವೆಲನ್ನು ಕೈಗೆ ತೆಗೆದುಕೊಂಡ. "ನಂಗೇನ್ ಗೊತ್ತು ಸಾ? ನಾನ್ ಅಂಗೆಲ್ಲ ಯೋಳಿಲ್ಲ." ನನ್ನ ಕಡೆ ನೋಡಲೇ ಇಲ್ಲ.

ಸುಳ್ಳುಗಾತಿ ಎಂದು ಮೇಷ್ಟ್ರು ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದರು. ಅಪ್ಪ ತಿರುಗಿ ನೋಡದೆ ನಡೆದುಹೋದದ್ದು ಅಲ್ಲಿಂದ ಚೆನ್ನಾಗಿ ಕಾಣುತ್ತಿತ್ತು.

ಮುಂದೆ ಹೈಸ್ಕೂಲಿನ ಪುಸ್ತಕದಲ್ಲಿ, ಹಸಿರು ಕಾಂಡವೂ ಆಹಾರ ತಯಾರಿಸುತ್ತದೆ ಎಂಬ ಸಾಲು ಸಿಕ್ಕಿತು. ಓಡಿಹೋಗಿ ಅಪ್ಪನಿಗೆ ಓದಿ ಹೇಳಿದೆ.

"ಅದ್ ನಂಗ್ ಗೊತ್ತಿದ್ದದ್ದೇ ಬುಡವ್ವ," ಎಂದ.

ಈಗಲೂ ನಾನು ಬೆಂಚಿನ ಮೇಲೆ ನಿಂತ ಕಥೆಯನ್ನು ನೆಂಟರ ಮುಂದೆ ಅಪ್ಪ ನಗುತ್ತ ಹೇಳುತ್ತಾನೆ. ನನಗೆ ಇನ್ನೂ ನಗು ಬಂದಿಲ್ಲ.